ನ್ಯೂ ಹ್ಯಾಂಪ್‌ಶೈರಿನ ಮತದಾರರಿಗೆ ದೇರಾದಿಂದ ಫೋನು

“ಒಂದು ನಿಮಿಷ ಇರಿ, ಹಿಮ ಎತ್ತಿಹಾಕುತ್ತಾ ಇದ್ದೆ, ಸಲಿಕೆ ಕೆಳಗಿಡ್ತೇನೆ” ಎಂದು ಆ ಗಂಡಸು ಹೇಳಿದಾಗ ನಾನು ದುಬೈಯ ದೇರಾದಲ್ಲಿ, ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಕೂತಿದ್ದೆ. ಕಿಟಕಿಯ ಹೊರಗೆ ಖೋರ್, ಅಂದರೆ ಊರಿನ ನಡುವೆ ನುಗ್ಗಿ ಬಂದ ಕಡಲಿನ ಕವಲು. ಸೂರ್ಯ ಆಗಷ್ಟೇ ಮುಳುಗಿದ್ದ. ಕೆಳಗೆ ಜನ ಅಂಗಿಯ ತೋಳು ಮಡಚಿಕೊಂಡು ಐಸ್‌ಕ್ರೀಮು ತಿನ್ನುತ್ತಾ ನಡೆಯುತ್ತಿದ್ದರು. ನನ್ನ ಕಿವಿಯಲ್ಲಿ ಮಾತ್ರ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಆಮೇಲೆ ಏದುಸಿರು, ಆಮೇಲೆ ಬಾಗಿಲು ಹಾಕಿದ ಸದ್ದು. ಹಿಮವನ್ನು ನಾನು ಈವರೆಗೆ ನೋಡಿಲ್ಲ. ಅದರ ಸದ್ದನ್ನು ಮೊದಲು ಕೇಳಿದ್ದು ಮರುಭೂಮಿಯಲ್ಲಿ.

“ಹೂಂ, ಕೇಳಿ. ಅಧ್ಯಕ್ಷರ ವಿಷಯ ತಾನೇ? ನಾನು ಹೇಳಲೇಬೇಕು” ಎಂದ ಅವನು. ಹದಿನೈದು ನಿಮಿಷ ಹೇಳಿದ. ಕೊನೆಗೆ ಥ್ಯಾಂಕ್ಸ್ ಹೇಳಿದ್ದೂ ಅವನೇ.

ಕಾಪುವಿನ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ವಸಂತಿ. ಗಂಡ ಸದಾನಂದ ದುಬೈಯಲ್ಲಿ ಪೀಠೋಪಕರಣದ ಕಂಪನಿಯೊಂದರ ಸ್ಟೋರ್ ಕೀಪರ್. ಮಗಳು ಅನ್ವಿತಾ ಎಂಟನೇ ಕ್ಲಾಸಿಗೆ ಬಂದಾಗ, ಇನ್ನು ಸಾಕು ಈ ದೂರ ದೂರದ ಸಂಸಾರ ಎಂದು ಕೆಲಸ ಬಿಟ್ಟು ಅವಳೊಂದಿಗೆ ಇಲ್ಲಿಗೆ ಬಂದೆ. ಅಲ್ ಕುಸೈಸಿನಲ್ಲಿ ನಮ್ಮದು ‘ಶೇರಿಂಗ್’. ಒಂದು ಫ್ಲ್ಯಾಟು, ಎರಡು ಸಂಸಾರ, ಒಂದು ಅಡುಗೆಮನೆ. ಊರಿನಲ್ಲಾದರೆ ಪಕ್ಕದ ಮನೆಯವರಿಗೆ ಬಾವಿಯ ಹಗ್ಗ ಕೊಡಲೂ ಯೋಚಿಸುವ ನಾನು ಇಲ್ಲಿ ಫ್ರಿಜ್ಜಿನ ಎರಡೇ ಎರಡು ಶೆಲ್ಫುಗಳಲ್ಲಿ ನನ್ನ ಪ್ರಪಂಚವನ್ನು ಇಟ್ಟುಕೊಂಡೆ. ಉಳಿದ ಶೆಲ್ಫುಗಳು ಝುಬೈದಾಳವು. ಅವಳು ಉಳ್ಳಾಲದ ಬ್ಯಾರಿ ಹೆಂಗಸು, ಇಪ್ಪತ್ತು ವರ್ಷದ ಹಳೆಯ ದುಬೈಗಾರ್ತಿ. ಇಲ್ಲಿನ ರೊಟ್ಟಿ ಕುಬೂಸನ್ನು ನಮ್ಮ ಮೀನುಸಾರಿಗೆ ಹೇಗೆ ಹೊಂದಿಸಬೇಕು, ಕುಚ್ಚಲಕ್ಕಿ ಯಾವ ಅಂಗಡಿಯಲ್ಲಿ ಕಲ್ಲಿಲ್ಲದೆ ಸಿಗುತ್ತದೆ ಎಂದೆಲ್ಲ ಕಲಿಸಿದವಳು ಅವಳೇ.

ಎರಡನೇ ವರ್ಷದ ಕೊನೆಗೆ ಸದಾನಂದರ ಕಂಪನಿ ಬಾಗಿಲು ಹಾಕಿತು. ಮನೆಗೆ ಬಂದವರು ಒಂದೇ ಮಾತು ಹೇಳಿದರು: “ಖಲಾಸ್.” ಮುಗಿಯಿತು ಎಂದರ್ಥ. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ಗಂಡನ ವೀಸಾಕ್ಕೆ ಹೆಂಡತಿ ಮಕ್ಕಳ ವೀಸಾಗಳನ್ನು ಕಟ್ಟಿಹಾಕಿರುತ್ತಾರೆ, ದೋಣಿಗೆ ದೋಣಿ ಕಟ್ಟಿದ ಹಾಗೆ. ಅಷ್ಟರಲ್ಲಿ ಅನ್ವಿತಾ ಹತ್ತನೇ ಕ್ಲಾಸು. ಮಾರ್ಚಿನ ಪರೀಕ್ಷೆಯ ಮೊದಲೇ ಊರಿಗೆ ಹೊರಡಬೇಕಾದರೆ ಅವಳ ಒಂದು ವರ್ಷ ನೀರಿಗೆ ಬಿದ್ದಂತೆ. ಸದಾನಂದರಿಗೆ ಬೇರೆ ಕೆಲಸ ಸಿಗುತ್ತಿಲ್ಲ. ಆಗ ಝುಬೈದಾಳ ಗಂಡ, ದೇರಾದಲ್ಲಿ ಫೋನಿನ ಮೇಲೆ ಸಮೀಕ್ಷೆ ಮಾಡುವ ಒಂದು ಕಂಪನಿಗೆ ಚೆನ್ನಾಗಿ ಇಂಗ್ಲಿಷ್ ಓದುವವರು ಬೇಕಂತೆ ಎಂಬ ಸುದ್ದಿ ತಂದ.

ಹೀಗೆ ನನ್ನ ನಲವತ್ತೊಂದನೇ ವಯಸ್ಸಿನಲ್ಲಿ, ಅಮೆರಿಕದ ಒಂದು ಪುಟ್ಟ ರಾಜ್ಯದ ಜನ ತಮ್ಮ ‘ಪ್ರೈಮರಿ’ಯಲ್ಲಿ ಯಾರಿಗೆ ಮತ ಹಾಕುತ್ತಾರೆ ಎಂದು ಕೇಳುವ ಕೆಲಸಕ್ಕೆ ಸೇರಿದೆ. ಈ ಕೆಲಸ ಮುಗಿಯುವ ಹೊತ್ತಿಗೆ ಕಂಪನಿಗೆ ನಾನು ಒಪ್ಪಿಗೆಯಾದರೆ ನನ್ನ ಹೆಸರಿನಲ್ಲೇ ವೀಸಾ. ಆಮೇಲೆ ಮಗಳ ವೀಸಾ ನನ್ನದಕ್ಕೆ ಕಟ್ಟಬಹುದು. ಇಲ್ಲದಿದ್ದರೆ ಮೂರು ಟಿಕೆಟು, ಮಂಗಳೂರು.

ಪ್ರೈಮರಿ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ನಮ್ಮ ಮೇಲ್ವಿಚಾರಕಿ ಮಾರಿಸೆಲ್ ಎಂಬ ಫಿಲಿಪ್ಪೀನ್ಸಿನ ಹೆಂಗಸು ಬೋರ್ಡಿನ ಮೇಲೆ ಬರೆದು ವಿವರಿಸಿದಳು. ಇಡೀ ದೇಶ ಅಧ್ಯಕ್ಷರನ್ನು ಆರಿಸುವ ಮೊದಲು, ತಮ್ಮ ಪಕ್ಷದಿಂದ ಯಾರನ್ನು ನಿಲ್ಲಿಸಬೇಕು ಎಂದು ಪಕ್ಷದವರು ಒಂದೊಂದು ರಾಜ್ಯದಲ್ಲೂ ಜನರನ್ನೇ ಕೇಳುತ್ತಾರೆ. ಅದಕ್ಕೂ ಮತಗಟ್ಟೆ, ಅದಕ್ಕೂ ಎಣಿಕೆ. ಜನವರಿಯ ಕೊರೆಯುವ ಚಳಿಯಲ್ಲಿ.

ಆ ದಿನ ಅಡುಗೆಮನೆಯಲ್ಲಿ ಝುಬೈದಾಳಿಗೆ ಇದನ್ನು ಹೇಳಿದೆ. ಅವಳು ಬಂಗುಡೆ ಕೊಯ್ಯುವುದನ್ನು ನಿಲ್ಲಿಸಿದಳು.

“ಅಂದ್ರೆ ಟಿಕೆಟು ಯಾರಿಗೆ ಕೊಡ್ಬೇಕು ಅಂತ ಜನ್ರನ್ನ ಕೇಳ್ತಾರಾ?”

“ಹೌದು.”

“ನಮ್ಮನ್ನ ಯಾರಾದ್ರೂ ಕೇಳಿದ್ದುಂಟಾ ಮಾರಾಯ್ತಿ? ನಮ್ಗೆ ಹೆಸ್ರು ಗೊತ್ತಾಗೂದೇ ಪೇಪರಲ್ಲಿ ಬಂದ ಮೇಲೆ.” ಮತ್ತೆ ಚೂರಿ ಎತ್ತಿಕೊಂಡು, “ಹಾಗೆ ಕೇಳಿದ್ರೆ ನಾನೆಂತ ಹೇಳ್ಬೇಕು ಅಂತ್ಲೇ ನಂಗೆ ಗೊತ್ತಿಲ್ಲ” ಎಂದಳು.

ನಮ್ಮ ಸಂಜೆ ಆರು ಎಂದರೆ ಅವರ ಬೆಳಗಿನ ಒಂಬತ್ತು. ಕಂಪ್ಯೂಟರು ತಾನೇ ನಂಬರು ಒತ್ತುತ್ತದೆ, ನಾನು ಪರದೆಯ ಮೇಲಿರುವುದನ್ನು ಇದ್ದಂತೆಯೇ ಓದಬೇಕು. ಅವರ ಮಾತಿಗೆ ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ, ನನ್ನ ಅಭಿಪ್ರಾಯ ಹೇಳುವಂತಂತೂ ಇಲ್ಲವೇ ಇಲ್ಲ. ಎಲ್ಲಿಂದ ಎಂದು ಕೇಳಿದರೆ ನಿಜ ಹೇಳಬೇಕು. ಹಾಗೆ ನಿಜ ಹೇಳಿದಾಗ ಎಷ್ಟೋ ಜನ ಫೋನು ಕುಕ್ಕಿದರು. “ನಮ್ಮ ಚುನಾವಣೆ ನಿನಗ್ಯಾಕೆ?” ಎಂದು ಒಬ್ಬಾಕೆ ಕೂಗಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯಾಗಿತ್ತು ಅದು.

ಆದರೆ ಮಾತಾಡಿದವರು! ಅವರನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಒಬ್ಬ ಲಾರಿ ಡ್ರೈವರು ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಉತ್ತರ ಕೊಟ್ಟ. ಒಬ್ಬಳು ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡು, ಅದು ಅತ್ತಾಗಲೆಲ್ಲ ‘ಸಾರಿ’ ಹೇಳುತ್ತಾ, ಕೊನೆಯ ಪ್ರಶ್ನೆಯವರೆಗೂ ಬಂದಳು. ಗಂಡ ಹೆಂಡತಿ ಇಬ್ಬರೂ ಒಂದೇ ಫೋನಿಗೆ ಕಿವಿಕೊಟ್ಟು, ಉತ್ತರ ಬೇರೆ ಬೇರೆಯಾಗಿ ನನ್ನೆದುರಿಗೇ ಜಗಳಾಡಿದರು. ನೋಡದ ಮುಖ, ಹೋಗದ ಊರು. ಅವರ ಅಡುಗೆಮನೆಯ ಗಡಿಯಾರದ ಸದ್ದು ನನಗೆ ಕೇಳಿಸುತ್ತಿತ್ತು. ಮೆಟ್ರೋದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವರು ನನ್ನೊಂದಿಗೆ ಎರಡು ವರ್ಷದಲ್ಲಿ ಆಡದಷ್ಟು ಮಾತನ್ನು ಇವರು ಒಂದು ವಾರದಲ್ಲಿ ಆಡಿದ್ದರು.

ಮೂರನೇ ವಾರ ಮ್ಯಾನೇಜರು ನನ್ನನ್ನು ಕರೆದರು. ಟೇಬಲ್ಲಿನ ಮೇಲೆ ನಾನು ಪರದೆಯಲ್ಲಿ ತುಂಬಿದ ಫಾರಂಗಳ ಪ್ರಿಂಟು.

“ನೀವು ಮಾತಾಡಿಸಿದವರಲ್ಲಿ ‘ಇನ್ನೂ ತೀರ್ಮಾನಿಸಿಲ್ಲ’ ಅನ್ನೋರು ಯಾಕಿಷ್ಟು? ಬೇರೆಯವರ ಫಾರಂಗಳಲ್ಲಿ ಹೀಗಿಲ್ಲ.”

“ಅವರು ಹಾಗೇ ಹೇಳ್ತಾರೆ ಸರ್.”

“ಅದು ಉತ್ತರವಲ್ಲ ಮೇಡಂ. ಕೇಳುವವರ ಸೋಮಾರಿತನ. ಹೀಗೇ ಮುಂದುವರಿದ್ರೆ ನಿಮ್ಮ ವೀಸಾ ಪೇಪರಿಗೆ ನಾನು ಸಹಿ ಹಾಕೋದು ಕಷ್ಟ.”

ಮನೆಗೆ ಬಂದು ಸದಾನಂದರಿಗೆ ಹೇಳಿದೆ. ಅನ್ವಿತಾ ಲೆಕ್ಕದ ಪುಸ್ತಕದಿಂದ ತಲೆಯೆತ್ತಿ, “ಅಮ್ಮಾ, ಜಸ್ಟ್ ಕ್ಲಿಕ್ ಸಮ್‌ಥಿಂಗ್. ನೋಬಡಿ ವಿಲ್ ನೋ” ಎಂದಳು. ಪರೀಕ್ಷೆಯಲ್ಲಿ ನಕಲು ಮಾಡಿದ ಮಕ್ಕಳನ್ನು ಹದಿನಾಲ್ಕು ವರ್ಷ ಹಿಡಿದ ನಾನು ಸ್ವಂತ ಮಗಳನ್ನು ಗದರಿಸಲು ಹೋಗದೆ ಬುತ್ತಿಯ ಪಾತ್ರೆ ತೊಳೆಯಲು ಎದ್ದೆ. ಯಾಕೆಂದರೆ ಆ ಮಾತು ಆಗಲೇ ನನ್ನ ತಲೆಯಲ್ಲೂ ಬಂದುಹೋಗಿತ್ತು.

ಮರುದಿನ ಸಂಜೆ ಒಬ್ಬ ಅಜ್ಜಿ ಸಿಕ್ಕಿದರು. ಎಂಬತ್ತಮೂರು ವರ್ಷ, ಉತ್ತರದ ಬೆಟ್ಟಗಳ ಕಡೆಯ ಹಳ್ಳಿ. ಕಿವಿ ಸ್ವಲ್ಪ ಮಂದ. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿಸಿಕೊಂಡರು. ನಡುವೆ ಕಿಟಕಿಯಾಚೆಯ ಮಸೀದಿಯಿಂದ ರಾತ್ರಿಯ ನಮಾಜಾದ ಇಶಾದ ಬಾಂಗ್ ಶುರುವಾಯಿತು.

“ಅದೇನು ಹಾಡು? ನಿಮ್ಮ ಮನೆಯಲ್ಲಿ ಯಾರು ಹಾಡ್ತಿದ್ದಾರೆ?”

“ಹಾಡಲ್ಲ ಅಮ್ಮ, ಪ್ರಾರ್ಥನೆಗೆ ಕರೆಯುವುದು. ನಾನು ದುಬೈಯಿಂದ ಮಾತಾಡ್ತಿದ್ದೇನೆ.”

ಇನ್ನು ಫೋನು ಇಟ್ಟುಬಿಡುತ್ತಾರೆ ಎಂದುಕೊಂಡೆ. “ಅಲ್ಲಿ ಬೆಚ್ಚಗಿದೆಯಾ?” ಎಂದು ಕೇಳಿದರು. ಬೆಚ್ಚಗಿದೆ ಎಂದೆ. “ಒಳ್ಳೆಯದು. ಮುಂದಿನ ಪ್ರಶ್ನೆ ಓದು.”

ಮುಂದಿನದೇ ಆ ಪ್ರಶ್ನೆ. ಇವತ್ತೇ ಪ್ರೈಮರಿ ನಡೆದರೆ ಯಾರಿಗೆ ಮತ?

“ಗೊತ್ತಿಲ್ಲ” ಎಂದರು ಅಜ್ಜಿ. “ಒಬ್ಬರು ನಮ್ಮ ಲೈಬ್ರರಿಗೆ ಬಂದಿದ್ದರು. ಬಾವಿಯ ನೀರು ಕೆಟ್ಟಿದೆ, ಏನು ಮಾಡ್ತೀರಿ ಅಂತ ಕೇಳಿದೆ. ಉತ್ತರ ಚೆನ್ನಾಗಿತ್ತು, ಆದರೆ ಹೇಳ್ತಾ ಹೇಳ್ತಾ ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಶನಿವಾರ ಬರ್ತಾರೆ. ಅವರನ್ನೂ ಕೇಳದೆ ಹೇಗೆ ಹೇಳಲಿ?”

ದೇಶದ ಅಧ್ಯಕ್ಷರಾಗಲು ಹೊರಟವರು ಈ ಅಜ್ಜಿಯೆದುರು ನಿಂತು ಬಾವಿಯ ನೀರಿಗೆ ಉತ್ತರ ಕೊಡಬೇಕು. ಕೊಟ್ಟರೂ ಸಾಲದು, ಗಡಿಯಾರ ನೋಡಬಾರದು. ನಮ್ಮೂರಿನಲ್ಲಿ ನಾನು ಎಷ್ಟೋ ಮಂದಿಗೆ ಮತ ಹಾಕಿದ್ದೇನೆ. ಅವರಲ್ಲಿ ಯಾರ ಮುಖವನ್ನೂ ಬ್ಯಾನರಿನ ಹೊರಗೆ ನೋಡಿದ ನೆನಪಿಲ್ಲ.

ಪರದೆಯ ಮೇಲೆ ಮುಂದಿನ ಸಾಲು ಬಂತು. ಒತ್ತಾಯಕ್ಕಾದರೂ ಒಬ್ಬರನ್ನು ಹೇಳಬೇಕಾದರೆ ನಿಮ್ಮ ಒಲವು ಯಾರ ಕಡೆಗೆ? ಇದ್ದಂತೆಯೇ ಓದಿದೆ.

“ಮಗಳೇ, ನನ್ನನ್ನು ಒತ್ತಾಯಿಸೋರು ಯಾರೂ ಇಲ್ಲ ಇಲ್ಲಿ” ಎಂದು ನಕ್ಕರು. “ನೀನು ಹೇಳು. ನೀನಾಗಿದ್ದರೆ ಯಾರಿಗೆ ಹಾಕ್ತಿದ್ದೆ?”

ನನ್ನ ಮನೆಯಲ್ಲಿ ಅಪ್ಪ ಹೇಳಿದವರಿಗೆ, ಆಮೇಲೆ ಮಾವ ಹೇಳಿದವರಿಗೆ ಮತ ಹಾಕಿದವಳು ನಾನು. ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. “ಅದನ್ನು ನಾನು ಹೇಳುವಂತಿಲ್ಲ ಅಮ್ಮ” ಎಂದೆ.

“ಹಾಗಾದರೆ ಇಬ್ಬರೂ ಗುಟ್ಟು ಬಿಡುವುದು ಬೇಡ” ಎಂದರು ಅವರು.

ಮೌಸಿನ ಬಾಣ ಪರದೆಯ ಮೇಲೆ ನಿಂತಿತ್ತು. ಒಂದಿಂಚು ಮೇಲೆ ಸರಿಸಿದರೆ ಒಬ್ಬ ಅಭ್ಯರ್ಥಿಯ ಹೆಸರು. ಅಜ್ಜಿಗೆ ಗೊತ್ತಾಗುವುದಿಲ್ಲ, ಆ ರಾಜ್ಯಕ್ಕೂ ಗೊತ್ತಾಗುವುದಿಲ್ಲ, ಅನ್ವಿತಾ ಪರೀಕ್ಷೆ ಬರೆಯುತ್ತಾಳೆ. ಆದರೆ ಶನಿವಾರದವರೆಗೆ ಕಾಯುತ್ತೇನೆ ಎಂದ ಅಜ್ಜಿಯ ಬಾಯಿಗೆ ಶನಿವಾರಕ್ಕೆ ಮೊದಲೇ ಹೆಸರು ತುರುಕುವುದು ನನ್ನಿಂದ ಆಗಲಿಲ್ಲ. ‘ತೀರ್ಮಾನಿಸಿಲ್ಲ’ ಒತ್ತಿದೆ.

ಎರಡು ದಿನ ಕಳೆದು ಮ್ಯಾನೇಜರು ಮತ್ತೆ ಒಳಗೆ ಕರೆದರು. ಈ ಸಲ ಮಾರಿಸೆಲ್ ಕೂಡ ಒಳಗಿದ್ದಳು. ಮ್ಯಾನೇಜರು ನನ್ನ ಕಡೆ ತಿರುಗುವ ಮೊದಲೇ ಅವಳು, “ಸರ್, ಮೊದಲು ಇದನ್ನು ಕೇಳಿ” ಎಂದು ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಮಾತು ಹಾಕಿದಳು. ನಮ್ಮ ಮಾತೆಲ್ಲ ರೆಕಾರ್ಡ್ ಆಗುತ್ತದೆ ಎಂದು ಗೊತ್ತಿತ್ತು, ಯಾರಾದರೂ ಕೂತು ಕೇಳುತ್ತಾರೆಂದು ಗೊತ್ತಿರಲಿಲ್ಲ. ಬಾಂಗ್ ಬಂತು, ಬಾವಿ ಬಂತು, ಗಡಿಯಾರ ಬಂತು. ಆಮೇಲೆ ಮಾರಿಸೆಲ್ ಬೇರೆಯವರ ಐದಾರು ರೆಕಾರ್ಡು ಹಾಕಿದಳು. ಒಂದರಲ್ಲಿ ಒಲವಿನ ಪ್ರಶ್ನೆಯನ್ನೇ ಓದಿರಲಿಲ್ಲ. ಇನ್ನೊಂದರಲ್ಲಿ ಆ ಕಡೆಯವನು ಗೊತ್ತಿಲ್ಲ ಎಂದಿದ್ದ, ಫಾರಂನಲ್ಲಿ ಹೆಸರಿತ್ತು.

“ನಾನು ಎಲ್ಲರದ್ದೂ ಕೇಳಿದ್ದೇನೆ ಸರ್” ಎಂದಳು ಮಾರಿಸೆಲ್. “ಇವರ ಫಾರಂ ಸರಿ ಇದೆ. ಉಳಿದ ಫಾರಂನವರಿಗೆ ಮತ್ತೆ ಫೋನು ಮಾಡಿಸಬೇಕು.”

ಮ್ಯಾನೇಜರು ಬಹಳ ಹೊತ್ತು ಕೆನ್ನೆ ಉಜ್ಜಿಕೊಂಡರು. ನನ್ನ ಕಡೆ ನೋಡದೆಯೇ, “ಮಾಫಿ ಮುಷ್ಕಿಲ್” ಎಂದರು. ತೊಂದರೆಯಿಲ್ಲ ಎಂದರ್ಥ. ಕ್ಷಮೆ ಕೇಳುವುದಕ್ಕೂ ಅದೇ ಮಾತು ಸಾಕಾಗುತ್ತದೆಂದು ಅವತ್ತು ತಿಳಿಯಿತು. ಹೊರಗೆ ಬಂದ ಮೇಲೆ ಮಾರಿಸೆಲ್‌ಳ ಕೈ ಹಿಡಿದುಕೊಂಡೆ. “ಯಲ್ಲಾ, ಯಲ್ಲಾ, ಬೇಗ ಹೆಡ್‌ಫೋನ್ ಹಾಕು” ಎಂದು ಗದರಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಪ್ರೈಮರಿಯ ಫಲಿತಾಂಶ ನಮ್ಮ ಬೆಳಗಿಗೆ ಬಂತು. ಅನ್ವಿತಾಳ ಬುತ್ತಿಗೆ ನೀರುದೋಸೆ ಮಡಚುತ್ತಾ ಫೋನಿನಲ್ಲಿ ನೋಡಿದೆ. ಹಿಮದಲ್ಲಿ ಬೂಟು ಹೂತುಕೊಂಡು ಸಾಲಾಗಿ ನಿಂತ ಜನ, ಶಾಲೆಯ ಸಭಾಂಗಣ, ಮೇಜಿನ ಹಿಂದೆ ಕನ್ನಡಕದ ಹೆಂಗಸರು. ಕೊನೆಯ ದಿನಗಳಲ್ಲೇ ಮನಸ್ಸು ಗಟ್ಟಿ ಮಾಡಿದವರು ಬಹಳ ಮಂದಿ ಎಂದು ಟಿವಿಯವರು ಹೇಳಿದರು. ಗೆದ್ದವರ ಹೆಸರಿಗಿಂತ ಹೆಚ್ಚಾಗಿ ನಾನು ಆ ಸಾಲಿನಲ್ಲಿ ಎಂಬತ್ತಮೂರು ವರ್ಷದ ಒಂದು ಮುಖವನ್ನು ಹುಡುಕಿದೆ. ಯಾವ ಮುಖವೆಂದು ಗೊತ್ತಿಲ್ಲದೆ. ಝುಬೈದಾ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಾ, “ಅಷ್ಟು ಚಳಿಗೆ ಹೋಗಿ ನಿಲ್ತಾರಲ್ವಾ” ಎಂದಳು, ಮೆಲ್ಲಗೆ.

ನನ್ನ ವೀಸಾ ಬಂತು. ಮಗಳದ್ದೂ ಬಂತು. ಸದಾನಂದರನ್ನೂ ನನ್ನ ವೀಸಾಕ್ಕೇ ಕಟ್ಟಿದೆವು. ಅವರಿಗೆ ಅಬುಧಾಬಿಯ ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ಕೆಲಸ ಸಿಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನನ್ನ, ಮಗಳ ಬುತ್ತಿ ಕಟ್ಟಿದವರು ಅವರೇ.

ಅದಾಗಿ ಕೆಲವು ವಾರಕ್ಕೆ ಊರಿನಲ್ಲೂ ಚುನಾವಣೆ ಬಂತು. ದುಬೈಯಲ್ಲಿರುವ ನಮ್ಮೂರವರ ಸಂಘದವರು ವಿಮಾನದಲ್ಲಿ ಸೀಟು ಮಾಡಿಸಿಕೊಂಡು ಮತ ಹಾಕಲು ಹೊರಟರು. ನನಗೆ ರಜೆ ಸಿಗಲಿಲ್ಲ. ಒಂದು ಮಧ್ಯಾಹ್ನ ನನ್ನ ಊರಿನ ನಂಬರಿಗೆ ಕರೆ ಬಂತು. ಹೆಣ್ಣುದನಿ, ಓದುವ ಧಾಟಿಯಲ್ಲೇ ಗೊತ್ತಾಯಿತು ನಮ್ಮ ಕಸುಬಿನವಳೆಂದು.

“ಮೇಡಂ, ಚುನಾವಣಾ ಸಮೀಕ್ಷೆಯಿಂದ ಮಾತಾಡಾಕತ್ತೀನಿ. ನೀವು ಈಗ ಕಾಪು ಕ್ಷೇತ್ರದಾಗ ವಾಸ ಅದೀರೇನ್ರೀ?”

ಜೀವನದಲ್ಲಿ ಮೊದಲ ಸಲ ನನ್ನ ಅಭಿಪ್ರಾಯ ಕೇಳಲು ಯಾರೋ ಫೋನು ಮಾಡಿದ್ದರು. ಅಷ್ಟು ದಿನ ಊರಿನ ಸುದ್ದಿಯನ್ನೆಲ್ಲ ಓದಿ, ಯಾರಿಗೆ ಎಂದು ನಾನೇ ಯೋಚಿಸಿ ಇಟ್ಟುಕೊಂಡಿದ್ದೆ. ಹೌದು ಎಂದರೆ ಎಲ್ಲವನ್ನೂ ಹೇಳಬಹುದಿತ್ತು. ಇಲ್ಲ ಎಂದರೆ ಸಮೀಕ್ಷೆ ಅಲ್ಲಿಗೇ ಮುಗಿಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಇಲ್ಲಮ್ಮ. ದುಬೈಯಲ್ಲಿದ್ದೇನೆ.”

“ಆದ್ರ ಲಿಸ್ಟ್‌ನಾಗ ನಿಮ್ ಹೆಸರು ಐತಲ್ರೀ?”

“ಹೆಸರು ಅಲ್ಲುಂಟು. ನಾನು ಇಲ್ಲಿದ್ದೇನೆ.”

ಆ ಕಡೆ ಮೌಸು ಒತ್ತುವ ಸದ್ದು ಕೇಳಿಸಿತು. ಪರದೆಯ ಮೇಲೆ ಜಾಗ ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. “ಅದಕ್ಕ ಇಲ್ಲಿ ಕಾಲಂ ಇಲ್ರೀ ಮೇಡಂ” ಎಂದಳು, ತಪ್ಪು ತನ್ನದೇ ಎಂಬಂತೆ.

“ಇರಲಿ” ಎಂದೆ. “ವಾಸ ಇಲ್ಲ ಅಂತ, ಇದ್ದದ್ದನ್ನೇ ಒತ್ತು.”