ಕ್ಲಚ್ ಆಗೂತನಕ

ಖಾನಾಪುರ ಮುಟ್ಟೂದರಾಗ ಬೈಕಿನ ಕ್ಲಚ್ ಸ್ಲಿಪ್ ಆಗಾಕ ಹತ್ತಿತು. ಬೆನ್ನಿನ ಆಪರೇಷನ್ ಆದಮ್ಯಾಲೆ, ಜರ್ಕ್ ಹೊಡದೀತು ಅಂತ ಅಂಜಿ ಸದಾ ಅರ್ಧ ಕ್ಲಚ್ ಹಿಡದ ಓಡಸ್ತಿದ್ದೆ, ಪ್ಲೇಟ್ ಸವದಿದ್ದವು.

ಗ್ಯಾರೇಜಿನವ ಕುರ್ಚಿ ತಂದು, "ಕುಂದರ್ರಿ ಸಾಹೇಬ್ರ" ಅಂದ.

"ಬೆನ್ನಿನ ಆಪರೇಷನ್ ಆಗೇತಪ್ಪಾ. ಭಾಳ ಹೊತ್ತು ಕುಂದರಬ್ಯಾಡ್ರಿ, ಅಡ್ಡಾಡ್ರಿ ಅಂತಾರ ಡಾಕ್ಟರು."

ಮೂಲ್ಯಾಗ ಹೊರಸಿನ ಮ್ಯಾಲೆ ಮಲಗಿದ್ದ ಅವನ ಅಪ್ಪ ಮೆಲ್ಲಕ ಮಗ್ಗಲಾಗಿ ಎದ್ದ. "ನಂದೂ ಅದ ಆಪರೇಷನ್ ರೀ! ಒಬ್ಬನ ಅಡ್ಡಾಡಾಕ ಬ್ಯಾಸರ ಅಂತ ಬಿದ್ಕೊಂಡೇನಿ. ಬರ್ರಿ, ಹೋಗೂಣು."

ಹರಟಿ ಹೊಡಕೋಂತ ಇಬ್ಬರೂ ಮಲಪ್ರಭಾ ಹೊಳಿ ದಾಟಿಬಿಟ್ಟಿವಿ. ಮಗ ನನ್ನ ಬೈಕ್ ಹತ್ತಿ ಹುಡುಕ್ಕೋಂತ ಬಂದ.

"ಕ್ಲಚ್ ಬೆಣ್ಣಿ ಆಗೇತ್ರಿ! ಅಪ್ಪಾ, ಹತ್ತು."

"ನೀ ಹೋಗು. ನಾವು ನಡಕೋಂತ ಬರ್ತೀವಿ," ಅಂದ ಮುದುಕ, ನನ್ನ ಕೈ ಗಟ್ಟಿ ಹಿಡಕೊಂಡು.

ಹೊಸಾ ಕ್ಲಚ್ಚಿನ ಮಜಾ ಮೊದಲ ನೋಡಿದವ ಅವನ ಮಗ. ನಾ ನೋಡಿದ್ದು ಸೈಲೆನ್ಸರಿನ ಹೊಗಿ.