ಬಡ್ಡಿ ಸಹಾಯಧನಕ್ಕಾಗಿ ಬಿಟ್ಟ ಪಾಲು

ರಾಯಬಾಗದಲ್ಲಿ ನಾವು ಬ್ಯಾಂಕಿನ ಸಾಲ ಪಡೆದು ಎರಡು ಕೋಣೆಯ ಮನೆ ಕಟ್ಟಿಸಿದೆವು. ನಾನು ಆಸ್ಪತ್ರೆಯಲ್ಲಿ ಆಯಾ, ನನ್ನ ಗಂಡ ಶಾಲೆಯ ಗಾಡಿಯ ಡ್ರೈವರ್. ಕಡಿಮೆ ಆದಾಯದವರ ಮನೆಸಾಲದ ಬಡ್ಡಿಯಲ್ಲಿ ಒಂದಿಷ್ಟನ್ನು ಸರ್ಕಾರ ತುಂಬುತ್ತದೆ ಎಂದು ಕೇಳಿ ಅರ್ಜಿ ಹಾಕಿದೆ.

ಬ್ಯಾಂಕಿನ ಮೇಡಂ ಕಾಗದ ನೋಡಿ, "ನಿಮ್ಮ ಯಜಮಾನ್ರ ಹೆಸರು ಅಂಕಲಿ ಮನಿ ಉತಾರದಾಗ ಐತಲ್ರಿ. ಪಕ್ಕಾ ಮನಿ ಇದ್ದವರಿಗೆ ಇದು ಸಿಗೂದಿಲ್ರಿ," ಎಂದರು. ಅದು ಅಂಕಲಿ ಊರಲ್ಲಿ ಮಾವ ಕಟ್ಟಿಸಿದ ಮನೆ. ಅವರು ತೀರಿದ ಮೇಲೆ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಅಣ್ಣ ತಮ್ಮ ಇಬ್ಬರ ಹೆಸರೂ ಏರಿತ್ತು. ಅಲ್ಲಿರುವುದು ಭಾವನ ಸಂಸಾರ ಮಾತ್ರ.

"ಹೆಂಗೂ ನಾವಲ್ಲಿ ಇರಂಗಿಲ್ಲ, ನಿಮ್ಮ ಪಾಲ ಅಣ್ಣಗ ಬಿಟ್ಟ ಕೊಡ್ರಿ," ಎಂದು ಗಂಡನಿಗೆ ಹೇಳಿದವಳು ನಾನೇ.

ಮೂರನೆಯ ದಿನ ಗಂಡ ಚಿಕ್ಕೋಡಿಗೆ ಹೋಗಿ, ನೋಂದಣಿ ಕಚೇರಿಯಲ್ಲಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದರು. ಭಾವ ತಮ್ಮನ ಕೈ ಹಿಡಿದು, "ಮನಿ ನಿಂದೂ ಐತಿ, ಯಾವಾಗ ಬೇಕಾದ್ರೂ ಬಾರಪಾ," ಎಂದರು.

ಸಹಾಯಧನ ಬಂತು, ತಿಂಗಳ ಕಂತು ಇಳಿಯಿತು. ನನಗೆ ಹಿಗ್ಗೋ ಹಿಗ್ಗು.

ಆ ದೀಪಾವಳಿಗೆ ಅಂಕಲಿಗೆ ಹೋದೆವು. ನಾನು ಮಕ್ಕಳ ಜೊತೆ ಸೀದಾ ಅಡುಗೆಮನೆಗೆ ನಡೆದೆ. ತಿರುಗಿ ನೋಡಿದರೆ ಗಂಡ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಿದ್ದರು. ನನ್ನ ನೆಗೆಣ್ಣಿ, ಭಾವನ ಹೆಂಡತಿ, "ಒಳಗ ಬರ್ರಿ" ಎಂದ ಮೇಲೆಯೇ ಒಳಗೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಮೊದಲೆಲ್ಲ ತಾವೇ ಕೊಡದಿಂದ ನೀರು ತುಂಬಿಕೊಂಡು ಕುಡಿಯುತ್ತಿದ್ದವರು, ಅವತ್ತು ತಾವು ಹುಟ್ಟಿದ ಮನೆಯಲ್ಲಿ, "ಸ್ವಲ್ಪ ನೀರ ಕೊಡ್ತೀರೇನ್ರಿ ವೈನಿ?" ಎಂದು ಕೇಳಿದರು.