ಗುಲಾಬಿ ಪಾತಿಯಲ್ಲಿ ತೋಡಿದ ಒಲೆ

ಯಳಂದೂರಿನಿಂದ ತಂಗಿಯ ಕಾರಿನಲ್ಲಿ ಮನೆಗೆ ಮರಳಿದ ದಿನ, ಮುಂಬಾಗಿಲ ಮೆಟ್ಟಿಲು ತಪ್ಪಿಸಲು ಹಿತ್ತಿಲ ಗೇಟಿನಿಂದ ಒಳಗೆ ಬಂದಾಗ, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಿತ್ತಿಲ ಗೋಡೆಗೆ ಹತ್ತಿದ ಹೊಗೆ. ಆಳೆತ್ತರಕ್ಕೆ ಮಸಿ. ಅದರ ಕೆಳಗೆ ನನ್ನ ಗುಲಾಬಿ ಪಾತಿ ಇರಬೇಕಿತ್ತು. ಪಾತಿಯ ಜಾಗದಲ್ಲಿ ಎರಡು ಉದ್ದನೆಯ ಗುಂಡಿಗಳಿದ್ದವು. ಒಳಗೆ ಬೂದಿ, ಅರೆಬೆಂದ ಸೌದೆ, ಸುತ್ತಲೂ ತುಳಿದು ಗಟ್ಟಿಯಾದ ನೆಲ, ಒಣಗಿದ ಊಟದ ಎಲೆಗಳು. ವಾಕರ್ ಹಿಡಿದುಕೊಂಡು ಅಲ್ಲೇ ನಿಂತೆ. ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಎದುರಿಗೆ ನನ್ನ ಓರಗಿತ್ತಿ, ಎಂದರೆ ನನ್ನ ಮೈದುನನ ಹೆಂಡತಿ, ಆರತಿ ತಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಮೈಸೂರಿನಲ್ಲಿ ನನ್ನ ಎರಡೂ ಮಂಡಿ ಬದಲಾಯಿಸಿದರು. ನೀ ರಿಪ್ಲೇಸ್‌ಮೆಂಟ್ ಅಂದರೆ ಈಗ ಹಲ್ಲು ಕೀಳಿಸಿದಷ್ಟೇ ಸುಲಭ ಎಂದು ಡಾಕ್ಟರು ಹೇಳಿದ್ದರು. ಅವರ ಮಂಡಿ ಅಲ್ಲವಲ್ಲ, ಹೇಳುತ್ತಾರೆ. ಅಲ್ಲಿಂದ ಯಳಂದೂರಿನ ತಂಗಿಯ ಮನೆಗೆ ಹೋದೆ. ಅವಳ ಮನೆಯಲ್ಲಿ ಮೆಟ್ಟಿಲಿಲ್ಲ, ಕಮೋಡ್ ಇದೆ. ಯಜಮಾನರು ತೀರಿಕೊಂಡು ವರ್ಷಗಳಾದವು, ನಮಗೆ ಮಕ್ಕಳಿಲ್ಲ. ಕೊಳ್ಳೇಗಾಲ ದಾಟಿ ಹನೂರಿಗೆ ಹೋಗುವ ರಸ್ತೆಯ ಪಕ್ಕ ನನ್ನ ಮನೆ. ಪಕ್ಕದ ಮನೆ ಮೈದುನನದು. ಬೀಗದ ಕೈ ಓರಗಿತ್ತಿಯ ಹತ್ತಿರ ಕೊಟ್ಟು ಹೋಗಿದ್ದೆ. ದಿನ ಬಿಟ್ಟು ದಿನ ಗಿಡಗಳಿಗೆ ನೀರು ಹಾಕು, ಅಷ್ಟೇ ಸಾಕು ಅಂದಿದ್ದೆ.

ಅವಳು ಬಂಡಳ್ಳಿಯ ಕಡೆಯ ಹೆಣ್ಣು. ನಾನು ಆಪರೇಷನ್ ಥಿಯೇಟರಿನಲ್ಲಿದ್ದಾಗ ಮಾದಪ್ಪನಿಗೆ ಹರಕೆ ಹೊತ್ತಳಂತೆ. ಅಕ್ಕ ತನ್ನ ಕಾಲ ಮೇಲೆ ತಾನು ನಡೆದರೆ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಅಕ್ಕನ ಮನೆಯಲ್ಲೇ ಅನ್ನ ಹಾಕುತ್ತೇನೆ. ಶಿವರಾತ್ರಿ ಬಂತೆಂದರೆ ನಮ್ಮ ರಸ್ತೆಯ ತುಂಬ ಬೆಟ್ಟಕ್ಕೆ ನಡೆಯುವವರೇ. ಎಲ್ಲೆಲ್ಲಿಂದಲೋ ಬರುತ್ತಾರೆ, ಬರಿಗಾಲಲ್ಲಿ, ತಲೆಯ ಮೇಲೆ ಗಂಟು ಹೊತ್ತು. ದಾರಿಯುದ್ದಕ್ಕೂ ಯಾರಾದರೊಬ್ಬರು ಮಜ್ಜಿಗೆ, ಪಾನಕ, ಅನ್ನ ಕೊಡುತ್ತಾರೆ. ನಾನೂ ಪ್ರತಿ ವರ್ಷ ಗೇಟಿನ ಹತ್ತಿರ ನೀರಿನ ಕೊಡ ಇಡಿಸುತ್ತಿದ್ದೆ. ಅದು ಬೇರೆ, ಹಿತ್ತಿಲಿಗೆ ಊರನ್ನೇ ನುಗ್ಗಿಸಿ ನೆಲ ಅಗೆದು ಒಲೆ ಹೂಡುವುದು ಬೇರೆ.

ಯಳಂದೂರಿನಲ್ಲಿ ನಾನು ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕಿದ್ದನ್ನು ತಂಗಿ ವಿಡಿಯೋ ಮಾಡಿ ಕಳಿಸಿದ್ದಳು. ಅದನ್ನು ನೋಡಿದವಳೇ, ಮಾದಪ್ಪ ಮಾತು ಉಳಿಸಿಕೊಂಡ, ಇನ್ನು ನಾನು ಉಳಿಸಿಕೊಳ್ಳಬೇಕು ಎಂದು ನಿಶ್ಚಯ ಮಾಡಿದ್ದಾಳೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಫೋನಿತ್ತು, ದಿನಾ ಮಾತಾಡುತ್ತಿದ್ದೆವು. ಗಿಡಗಳು ಹೇಗಿವೆ ಅಂದರೆ ಚೆನ್ನಾಗಿವೆ ಅನ್ನುತ್ತಿದ್ದಳು.

ಪಾತಿಯಲ್ಲೇ ಯಾಕೆ ತೋಡಿಸಿದೆ ಎಂದು ಆರತಿ ಮುಗಿದ ಮೇಲೆ ಕೇಳಿದೆ. ದನಿ ಏರಿಸಲಿಲ್ಲ.

"ಅಲ್ಲಿ ಮಣ್ಣು ಮೆದುವಾಗಿತ್ತು ಕಣಕ್ಕ. ಬ್ಯಾರೆ ಕಡೆ ಎಲ್ಲಾ ಕಲ್ಲು. ಗುದ್ಲಿ ಆಕುದ್ರೆ ಸಲೀಸಾಗಿ ಇಳೀತು."

ಆ ಮಾತು ಆವತ್ತಿನಿಂದ ನನ್ನ ಕಿವಿಯಲ್ಲಿ ಕೂತಿದೆ.

ಆ ಹಿತ್ತಿಲು ಮೊದಲು ಬರೀ ಸುಣ್ಣಕಲ್ಲಿನ ನೆಲ. ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಗುಲಾಬಿ ಹಾಕುತ್ತೇನೆ ಅಂದಾಗ ನಮ್ಮತ್ತೆ ನಕ್ಕಿದ್ದರು. ಯಜಮಾನರು ನಗಲಿಲ್ಲ. ಧನಗೆರೆಯ ಕೆರೆ ಬತ್ತಿದ ಬೇಸಿಗೆಯಲ್ಲಿ ಗಾಡಿ ಮಾಡಿಕೊಂಡು ಹೋಗಿ ಕೆರೆಗೋಡು, ತಳದ ಹೂಳುಮಣ್ಣು, ತುಂಬಿಸಿಕೊಂಡು ಬಂದರು. ಕಲ್ಲು ಆಯ್ದು, ಗೋಡು ಹಾಕಿ, ಮೇಲೆ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಎಲೆ. ಒಂದು ವರ್ಷವಲ್ಲ, ಅವರು ಇರುವವರೆಗೆ ಪ್ರತಿ ಬೇಸಿಗೆಯಲ್ಲೂ. ಅವರು ಹೋದ ಮೇಲೆ ನಾನು. ಅಡುಗೆಮನೆಯ ಸಿಪ್ಪೆ, ಕಾಫಿ ಚರಟ, ಮೊಟ್ಟೆಯ ಓಡು ಎಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಬರಿಗೈ ಇಳಿಸಿದರೆ ಮೊಣಕೈವರೆಗೆ ಹೋಗುವಂಥ ಮಣ್ಣು ಅದು.

ಗಿಡಗಳಲ್ಲಿ ನಡುವಿನದು ಪನ್ನೀರು ಗುಲಾಬಿ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ತೋಟವನ್ನೂ ನೋಡಿಕೊಳ್ಳುತ್ತಿದ್ದರು. ಗೌನಿನ ತೋಳು ಮಡಚಿ, ಕತ್ತರಿ ಹಿಡಿದು, ಚಿಗುರೊಡೆಯುವ ಕಣ್ಣಿರುವ ಜಾಗದ ಮೇಲೆ ಓರೆಯಾಗಿ ಕತ್ತರಿಸಬೇಕು, ಬಿ ಕೈಂಡ್ ಬಟ್ ಬಿ ಫರ್ಮ್, ಅನ್ನುತ್ತಿದ್ದರು. ಶಾಲೆ ಬಿಡುವ ದಿನ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದು ನನ್ನ ತವರಿನಲ್ಲಿ ಬೆಳೆಯಿತು, ಅದರ ಕಡ್ಡಿ ಇಲ್ಲಿ ಬೆಳೆಯಿತು. ನನ್ನ ಮೂಳೆಗಳಿಗಿಂತ ಗಟ್ಟಿಯಾಗಿತ್ತು. ಅದರ ಬುಡದಲ್ಲೇ ಹುಳಿಯ ಹಂಡೆ ಕುದಿಸಿದ್ದಾರೆ.

ಮನೆಯೊಳಗೂ ನನ್ನದು ಎನ್ನುವಂಥದ್ದು ಯಾವುದೂ ತನ್ನ ಜಾಗದಲ್ಲಿರಲಿಲ್ಲ. ಡಬ್ಬಿಗಳೆಲ್ಲ ಅದಲುಬದಲು, ಸಕ್ಕರೆಯ ಡಬ್ಬಿಯಲ್ಲಿ ಹುರಿಗಡಲೆ, ಸೌಟುಗಳು ಬಚ್ಚಲಲ್ಲಿ. ಬಗ್ಗಲಾಗದ ನಾನು ಡೈನಿಂಗ್ ಟೇಬಲಿನ ಕುರ್ಚಿಯನ್ನು ಒಲೆಯ ಮುಂದೆ ಎಳೆದು, ಕೂತುಕೊಂಡೇ ಒಂದೊಂದು ಡಬ್ಬಿ ಸುರಿದು, ತೊಳೆದು, ಒರೆಸಿ ಇಡುತ್ತಾ ಬಂದೆ. ಫಿಸಿಯೋಥೆರಪಿ ಹುಡುಗಿ ಹೇಳಿದ್ದ ಎಕ್ಸರ್‌ಸೈಜುಗಳನ್ನು ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೆ. ಕಾಲು ಎತ್ತಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಕಾಲು ಇನ್ನಷ್ಟು ಮೇಲೆ ಹೋಗುತ್ತಿತ್ತು. ಡಾಕ್ಟರು ಇದನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ.

ಬೀರುವಿನಲ್ಲಿ ಮಡಚಿಟ್ಟಿದ್ದ ಟೇಬಲ್‌ಕ್ಲಾತ್ ತೆಗೆದಾಗ ಮಾತ್ರ ಕೂತುಬಿಟ್ಟೆ. ಅದೇ ಸಿಸ್ಟರ್ ಮುಂದೆ ಕೂತು ನಾನು ಹಾಕಿದ್ದ ಕಸೂತಿ, ನಾಲ್ಕು ಮೂಲೆಯಲ್ಲಿ ನೀಲಿ ಹೂ. ಅಡುಗೆ ಮುಗಿದ ಮೇಲೆ ಅನ್ನವನ್ನು ಬಿಳೀ ಬಟ್ಟೆಯ ಮೇಲೆ ರಾಶಿ ಸುರಿದು, ವಿಭೂತಿ ಹಚ್ಚಿ, ಕರ್ಪೂರ ಬೆಳಗಿ, ಆಮೇಲೆ ಬಡಿಸುವುದು ಇಲ್ಲಿಯ ಕ್ರಮ. ಒಗೆದ ಪಂಚೆ ಸಾಕು. ಅವಳಿಗೆ ಪಂಚೆ ಸಾಲಲಿಲ್ಲ, ನಮ್ಮಕ್ಕನ ಮನೇಲಿ ಇರೋದ್ರಲ್ಲಿ ಚೆನ್ನಾಗಿರೋದೇ ಮಾದಪ್ಪನಿಗೆ ಅಂದುಕೊಂಡು ಇದನ್ನೇ ಹಾಸಿದ್ದಾಳೆ. ನಡುವೆ ಕೆರೆಯಂಥ ಅರಿಶಿನದ ಕಲೆ, ಒಂದು ಮೂಲೆಯಲ್ಲಿ ಕರ್ಪೂರ ಸುಟ್ಟ ತೂತು. ಒಗೆದು ಇಸ್ತ್ರಿ ಮಾಡಿ, ಅದೇ ಮಡಿಕೆಯಲ್ಲಿ ಮಡಚಿಟ್ಟಿದ್ದಳು. ಅದನ್ನು ನೋಡಿ ನನಗೆ ಇನ್ನೂ ಉರಿಯಿತು. ಒರಟಾಗಿ ಬಿಸಾಕಿದ್ದರೆ ಬೈಯುವುದಕ್ಕಾದರೂ ಆಗುತ್ತಿತ್ತು.

ಬೈಯುವುದಕ್ಕೆ ಊರು ಬಿಡಲಿಲ್ಲ. ನೋಡಲು ಬಂದವರೆಲ್ಲ ಕೈ ಮುಗಿದು, ನಿಮ್ಮ ಮನೆಯ ಊಟ ಎಷ್ಟು ರುಚಿ, ಎಂಥ ಪುಣ್ಯ ಕಟ್ಟಿಕೊಂಡಿರಿ ಅಂದರು. ಪುಣ್ಯವನ್ನು ಹಿಂದಕ್ಕೆ ಕೊಡುತ್ತೇನೆ, ನನ್ನ ಪಾತಿ ಕೊಡಿ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ಕಲಿಸಿದ್ದು ಬಿಡುವುದಿಲ್ಲ. ಥ್ಯಾಂಕ್ ಯೂ ಅನ್ನುತ್ತಿದ್ದೆ.

ಯುಗಾದಿ ಕಳೆದ ಮೇಲೆ ವಾಕರ್ ಬಿಟ್ಟು ಕೋಲು ಹಿಡಿದೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿತ್ತಿಲಿಗೆ ತಂದು, ಕೂತ ಕಡೆಯಿಂದ ಕೈಗೆಟುಕುವಷ್ಟು ಕಳೆ ಕೀಳುವುದು, ಏಳುವುದು, ಕುರ್ಚಿ ಸರಿಸುವುದು, ಮತ್ತೆ ಕೂರುವುದು. ಕುಕ್ಕರಗಾಲಿನಲ್ಲಿ ಕೂರುವುದು ಇನ್ನು ಈ ಜನ್ಮಕ್ಕೆ ಇಲ್ಲ. ಕನಕಾಂಬರ ಚೇತರಿಸಿಕೊಂಡಿತು. ಮರುಗ ಅರ್ಧ ಉಳಿದಿತ್ತು. ಒಲೆಯ ಗುಂಡಿಯಲ್ಲಿ ಮಣ್ಣು ಇಟ್ಟಿಗೆಯಂತೆ ಸುಟ್ಟಿತ್ತು, ಉದ್ದ ಹಿಡಿಯ ಗುದ್ದಲಿ ಠಣ್ ಎನ್ನುತ್ತಿತ್ತು. ಪನ್ನೀರು ಗುಲಾಬಿಯ ಬುಡಕ್ಕೆ ದಿನಾ ಒಂದು ಚೊಂಬು ನೀರು ಹಾಕಿ ನೋಡಿದೆ. ಚಿಗುರಲಿಲ್ಲ. ಎಳೆದರೆ ಇಡೀ ಬುಡವೇ ಕೈಗೆ ಬಂತು, ಬೇರು ಇದ್ದಿಲಾಗಿತ್ತು.

ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಾಗಲೇ ಓರಗಿತ್ತಿ ಬಂದಳು. ಕೈಯಲ್ಲಿ ಮಜ್ಜಿಗೆಯ ಲೋಟ. ಆ ಗುಂಡಿಗಳನ್ನು ಪೂರ್ತಿ ಮುಚ್ಚಬೇಡ ಅಂದಳು. ಯಾಕೆ ಅಂದೆ.

"ಮೂರ್ ವರ್ಸ ಅಂತ ಏಳ್ಕಂಡಿವ್ನಿ ಕಣಕ್ಕ. ಇನ್ನೂ ಎಲ್ಡು ಬಾಕಿ ಅದೆ."

ನಾನು ಆ ಬುಡವನ್ನು ಅವಳ ಮುಂದೆ ನೆಲಕ್ಕಿಟ್ಟೆ. ಇದು ನನ್ನ ಹಿತ್ತಿಲು, ಹರಕೆ ನಿನ್ನದು, ನಿನ್ನ ಹಿತ್ತಿಲಲ್ಲಿ ಮಾಡಿಕೋ ಅಂದೆ. ತನ್ನ ಹಿತ್ತಿಲಲ್ಲಿ ಎಮ್ಮೆಗಳಿವೆ, ಸಗಣಿಯ ತಿಪ್ಪೆ ಇದೆ, ದೇವರ ಅನ್ನ ಬೇಯಿಸುವ ಜಾಗವಾ ಅದು, ಹೇಳಿಕೊಂಡಿದ್ದೂ ಅಕ್ಕನ ಮನೆ ಅಂತ ಎಂದಳು. ಪರ್ಮಿಷನ್ ಅನ್ನುವ ಪದ ನಿನಗೆ ಗೊತ್ತಾ ಎಂದು ಕೇಳಿದೆ. ಗೊತ್ತಿದೆ, ಆದರೆ ಥಿಯೇಟರಿನ ಒಳಗೆ ಜ್ಞಾನ ತಪ್ಪಿ ಮಲಗಿದ್ದವಳ ಹತ್ತಿರ ಯಾರು ಕೇಳುತ್ತಾರೆ ಅಂದಳು.

"ಕಾಲು ಯಾರದು?" ಅಂದೆ.

"ಕಾಲು ನಿಂದೇ ಕಣಕ್ಕ. ಬೇಡ್ಕಂಡ ಬಾಯಿ ನಂದು." ಲೋಟವನ್ನು ತುಳಸಿ ಕಟ್ಟೆಯ ಮೇಲಿಟ್ಟಳು. "ಅರಕೆ ತಪ್ಪುದ್ರೆ ನನ್ ಬಾಯ್ಗೆ ಏನೂ ಆಗಲ್ಲ. ನಿನ್ ಕಾಲ್ಗೇ ಬರೋದು. ಅದ್ಕೇ ಎದ್ರುಕೊಂಡು ಒದ್ದಾಡ್ತಾ ಇವ್ನಿ."

ನನ್ನ ಮಂಡಿಗಳನ್ನು ಒತ್ತೆ ಇಟ್ಟವಳು ಅವಳು, ಈಗ ಬಿಡಿಸಿಕೊಳ್ಳಬೇಕಾದವಳು ನಾನು. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಗೆಟ್ ಔಟ್ ಎಂದದ್ದು ಅದೊಂದೇ ಸಲ. ಅವಳು ಹೋದಳು. ಮಜ್ಜಿಗೆಯನ್ನು ತುಳಸಿಯ ಬುಡಕ್ಕೂ ಸುರಿಯಲಿಲ್ಲ, ನೊರೆ ಒಡೆದು ನೀರು ಬೇರೆಯಾಗುವವರೆಗೆ ಅಲ್ಲೇ ಬಿಟ್ಟೆ. ಮಾರನೆಯ ದಿನ ಹಿತ್ತಿಲ ಗೇಟಿಗೆ ಹೊಸ ಬೀಗ ಬಿತ್ತು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಮೇಲೆ ಮಾತಿಲ್ಲ. ಗೋಡೆಯಾಚೆ ಅವಳು ಎಮ್ಮೆಗಳಿಗೆ ಬೈಯುವುದು ಕೇಳುತ್ತಿತ್ತು, ಮುಂಚೆಗಿಂತ ಜೋರಾಗಿ. ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಯಳಂದೂರಿನ ತಂಗಿ ಫೋನಿನಲ್ಲಿ, ಬಿಡು ಅಕ್ಕ, ಪ್ರೀತಿಯಿಂದ ಮಾಡಿದ್ದಲ್ಲವಾ ಅಂದಳು. ಪ್ರೀತಿಯಿಂದ ಮಾಡಿದ್ದಕ್ಕೆ ಕೋಪ ಮಾಡಿಕೊಳ್ಳಬಾರದು ಎಂದು ಎಲ್ಲಿ ಬರೆದಿದೆ? ಹಗೆಯಿಂದ ಮಾಡಿದ್ದರೆ ಪೊಲೀಸಿಗಾದರೂ ಹೇಳಬಹುದಿತ್ತು.

ಅಮಾವಾಸ್ಯೆಗೂ ಬೆಟ್ಟಕ್ಕೆ ನಡೆಯುವವರಿರುತ್ತಾರೆ. ಬೇಸಿಗೆಯ ಒಂದು ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಗೇಟಿನ ಹತ್ತಿರ ನೀರಿನ ಕೊಡ ತುಂಬಿಸುತ್ತಿದ್ದೆ. ಹೆಂಗಸರ ಒಂದು ಗುಂಪು ನಿಂತಿತು. ಅವರಲ್ಲಿ ನನ್ನಷ್ಟೇ ವಯಸ್ಸಿನವಳೊಬ್ಬಳು, ಪಾದಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದವಳು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀನೇ ಏನವ್ವ, ಮಾದಪ್ಪ ಕಾಲು ಕೊಟ್ಟ ಅಮ್ಮ?"

ಮೈಸೂರಿನ ಡಾಕ್ಟರು ಕೊಟ್ಟರು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಗ್ಗಿ ನನ್ನ ಎರಡೂ ಮಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತನ್ನ ಮಂಡಿಯನ್ನು ಮುಟ್ಟಿಕೊಂಡಳು. ಅದು ಊದಿ ಕುಂಬಳಕಾಯಿಯಾಗಿತ್ತು. ಆ ನೋವು ಯಾವ ಜಾತಿಯದು ಎಂದು ನನಗೆ ಗೊತ್ತು. ಶಿವರಾತ್ರಿಗೆ ಮತ್ತೆ ಬರುತ್ತೇನೆ, ಇಲ್ಲೇ ಉಣ್ಣುತ್ತೇನೆ ಎಂದು ನೀರು ಕುಡಿದು ಹೊರಟಳು, ಕುಂಟುತ್ತಾ.

ಅವತ್ತು ಮಧ್ಯಾಹ್ನ ಕೋಲೂರಿಕೊಂಡು ಓರಗಿತ್ತಿಯ ಮನೆಗೆ ಹೋದೆ. ಅವಳು ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ. ನಾನೂ ಕೂರಲಿಲ್ಲ.

"ನಿನ್ನ ಹರಕೆ ಬಾಕಿ ಎರಡು ವರ್ಷವೂ ನಡೆಯುತ್ತೆ. ನಡೆಸುವವಳು ನಾನು. ಗೇಟಿನ ಹೊರಗೆ, ರಸ್ತೆ ಪಕ್ಕದ ಹುಣಸೇ ಮರದ ಕೆಳಗೆ. ಒಲೆಗೆ ಇಟ್ಟಿಗೆ ಜೋಡಿಸೋದು, ನೆಲ ತೋಡೋದಿಲ್ಲ. ಹಿತ್ತಿಲಿಗೆ ನೀನೂ ಬರಬೇಡ, ಮಾದಪ್ಪನೂ ಬರೋದು ಬೇಡ."

ಮೊರ ನಿಂತಿತು. "ಅಲ್ಲಿ ಕಲ್ಲುನೆಲ ಕಣಕ್ಕ" ಅಂದಳು, ನನ್ನ ಮುಖ ನೋಡದೆ.

"ಕಲ್ಲೇ. ನನ್ನ ಪಾತಿಯೂ ಕಲ್ಲೇ ಆಗಿತ್ತು. ಮೆದುವಾಗಿತ್ತು ಮೆದುವಾಗಿತ್ತು ಅಂತೀಯಲ್ಲ, ಅದೇನು ಹುಟ್ಟುವಾಗಲೇ ಮೆದುವಾಗಿ ಹುಟ್ಟಿತ್ತಾ? ನಿಮ್ಮ ಭಾವ ಬೆನ್ನು ಮುರಿದುಕೊಂಡು ಮೆದು ಮಾಡಿದ್ದು. ನಾನು ಈ ಮಂಡಿಗಳನ್ನು ಸವೆಸಿದ್ದೇ ಅಲ್ಲಿ ಕೂತು ಕೂತು. ನೀನು ಹರಕೆ ಹೊತ್ತದ್ದು ಯಾವ ಕಾಲಿಗೋ, ಆ ಕಾಲು ಹೋಗಿದ್ದು ಯಾವ ಮಣ್ಣಿಗೆ ಅನ್ನೋದು ನಿನಗೆ ಗೊತ್ತಾಗಬೇಕಿತ್ತು."

ಅವಳು ಮತ್ತೆ ಮೊರದ ಮೇಲೆ ಬಗ್ಗಿದಳು. ಹುರುಳಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ನಾನು ಬಂದುಬಿಟ್ಟೆ. ಕೋಲನ್ನು ಅವರ ಜಗುಲಿಯಲ್ಲೇ ಮರೆತು ಬಂದಿದ್ದೆ ಎಂದು ಗೊತ್ತಾದದ್ದು ನನ್ನ ಬಾಗಿಲು ತೆಗೆಯುವಾಗ.

ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲ ಗೇಟಿನ ಹೊರಗೆ ಎಮ್ಮೆ ಗೊಬ್ಬರದ ಗುಡ್ಡೆ. ಮಂಕರಿ ಮಂಕರಿ ತಂದು ಸುರಿದಿದ್ದಾಳೆ. ಬೀಗ ಮುಟ್ಟಿಲ್ಲ. ಗೇಟಿನ ಸರಳಿಗೆ ನನ್ನ ಕೋಲು ಒರಗಿಸಿದ್ದಾಳೆ. ಗೋಡೆಯಾಚೆ ಸದ್ದಿಲ್ಲ, ಎಮ್ಮೆಗಳಿಗೆ ಬೈಗುಳವೂ ಇಲ್ಲ. ನಾನು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಾಳೆ ಎಂದು ಗೊತ್ತಾಯಿತು.

ನಾನು ಕೋಲು ತೆಗೆದುಕೊಂಡು, ಅದರ ತುದಿಯಿಂದ ಗುಡ್ಡೆಯನ್ನು ಕೆದಕಿ ನೋಡಿದೆ. ಹಸಿ ಗೊಬ್ಬರ, ಒಳಗೆ ಇನ್ನೂ ಬಿಸಿ. ಇದನ್ನು ಈಗಲೇ ಪಾತಿಗೆ ಹಾಕಿದರೆ ಉಳಿದ ಬೇರೂ ಸುಟ್ಟುಹೋಗುತ್ತದೆ. ಮಳೆಗಾಲ ಕಳೆಯಲಿ, ಕೊಳೆಯಲಿ. ಅಲ್ಲಿಯವರೆಗೆ ಗೇಟಿನ ಹೊರಗೇ ಇರಲಿ.